ಗುಡ್ಡ ಕುಸಿಯುವಾಗ ಯಾರ ಎದೆ ಗಟ್ಟಿಯಿರಬೇಕು?

ಹಾಸ್ಟೆಲಿನ ಗೆಳೆಯರೇ,

ಈಗ ಎಲ್ಲಾ ಕಡೆ ಒಂದು ಹೊಸ ಉಪದೇಶ ಶುರುವಾಗಿದೆ. ಭೂಮಿ ಬಿಸಿಯಾಗ್ತಿದೆ, ಮಳೆ ದಿಕ್ಕು ತಪ್ಪಿದೆ, ಸಮಾಜವೇ ಕುಸಿದು ಬೀಳುವ ಕಾಲ ಬರಬಹುದು, ಆದ್ದರಿಂದ ಪ್ರತಿಯೊಬ್ಬನೂ ತನ್ನ ಮನಸ್ಸನ್ನು ಗಟ್ಟಿ ಮಾಡಿಕೊಳ್ಳಬೇಕಂತೆ. ಪ್ರಾಣಾಯಾಮ ಮಾಡಿ, ಆರು ತಿಂಗಳ ದವಸ ಕೂಡಿಡಿ, ಊರಾಚೆ ಎರಡೆಕರೆ ತಗೊಂಡು ಸೊಪ್ಪು ತರಕಾರಿ ಬೆಳೆಯಿರಿ. ಆರು ತಿಂಗಳ ದವಸ! ಇವತ್ತಿನ ಕೂಲಿಯಲ್ಲಿ ಇವತ್ತಿನ ಅಕ್ಕಿ ತರುವ ಮನೆಗಳಿಂದ ಬಂದವರು ನಾವು. ಇದನ್ನು ಕೇಳಿ ನಗಬೇಕೋ ಅಳಬೇಕೋ?

ಸಮಾಜ ಕುಸಿಯೋದು ಅಂದರೆ ಏನು ಸ್ವಾಮಿ? ಅಂಗಡಿಯಲ್ಲಿ ಉಪ್ಪು ಸಿಗೋದಿಲ್ಲ. ಬಾವಿ ಮುಟ್ಟೋ ಹಾಗಿಲ್ಲ. ಕೂಲಿಗೆ ಕರೆಯೋರಿಲ್ಲ. ಕೂಗಿದರೆ ಪೋಲೀಸರು ಬರೋದಿಲ್ಲ. ಇದಕ್ಕೆ ನಮ್ಮ ಕೇರಿಗಳಲ್ಲಿ ಬಹಿಷ್ಕಾರ ಅಂತ ಹಳೇ ಹೆಸರಿದೆ. ಅದನ್ನು ದಾಟಿ ಬಂದ ತಾಯಂದಿರಿಗೆ ಎದೆಗಟ್ಟಿತನದ ಪಾಠ ಹೇಳುವ ಧೈರ್ಯ ನಮಗಂತೂ ಇಲ್ಲ. 1876-78ರ ಧಾತು ಈಶ್ವರ ಬರದಲ್ಲಿ ಮೈಸೂರು ಸೀಮೆಯಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಕಣಜ ಇದ್ದವರು ಉಳಿದರು, ಕೂಲಿಯವರು ದಾರಿ ಬದಿಯಲ್ಲಿ ಬಿದ್ದರು. ಅವರ ಮನಸ್ಸು ಮೆತ್ತಗಿತ್ತು ಅಂತ ಸತ್ತರೇ?

ನಮ್ಮ ಮಾಗೋಡಿನ ವಿಷಯಕ್ಕೆ ಬರೋಣ. ಇಲ್ಲಿ ಬೇಡ್ತಿ ಎರಡು ನೆಗೆತದಲ್ಲಿ ಸುಮಾರು 200 ಮೀಟರ್ ಕೆಳಕ್ಕೆ ಬೀಳುತ್ತಾಳೆ. ಜನ ಕಾರಿನಲ್ಲಿ ಬಂದು ಫೋಟೋ ತೆಗೆದುಕೊಂಡು ಹೋಗ್ತಾರೆ. ಅದೇ ನೀರು ಮುಂದೆ ಗಂಗಾವಳಿ ಅಂತ ಹೆಸರು ಬದಲಿಸಿ ಅಂಕೋಲೆ ಕಡೆ ಹರಿಯುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇಕಡಾ 7ರಷ್ಟು ಹೆಚ್ಚು ನೀರಾವಿ ಹಿಡಿಯುತ್ತದೆ, ಹಿಡಿದದ್ದನ್ನು ಒಮ್ಮೆಗೇ ಸುರಿಯುತ್ತದೆ ಅಂತ ವಿಜ್ಞಾನದವರು ಹೇಳ್ತಾರೆ. 2021ರ ಜುಲೈನಲ್ಲಿ ಹಾಗೇ ಸುರಿಯಿತು. ಇದೇ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಜಾರಿ ತೋಟ, ಮನೆ, ರಸ್ತೆ ಎಲ್ಲಾ ಮಣ್ಣಾದವು. ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. ಮೂರು ವರ್ಷ ಕಳೆದು 2024ರ ಜುಲೈ 16ಕ್ಕೆ ಶಿರೂರಿನಲ್ಲಿ, ಹೆದ್ದಾರಿಗಾಗಿ ಬುಡ ಕಡಿದಿದ್ದ ಗುಡ್ಡ ಗಂಗಾವಳಿಗೆ ಬಿತ್ತು. ರಸ್ತೆ ಬದಿಯ ಚಾ ಅಂಗಡಿಯ ಸಂಸಾರವೇ ಹೋಯಿತು. ಎದುರು ದಡದ ಉಳುವರೆಯಲ್ಲಿ ತಮ್ಮ ಪಾಡಿಗೆ ಇದ್ದ ಹಾಲಕ್ಕಿಗಳ ಮನೆಗಳ ಮೇಲೆ ನದಿಯೇ ಅಲೆಯಾಗಿ ನುಗ್ಗಿತು. ಗುಡ್ಡ ಕಡಿದವರು ಅವರಲ್ಲ, ಹೆದ್ದಾರಿ ಕೇಳಿದವರೂ ಅವರಲ್ಲ.

ಮಳೆ ಜಾತಿ ನೋಡೋದಿಲ್ಲ ಅಂತ ಒಂದು ಮಾತಿದೆ. ನಿಜ, ಮಳೆ ನೋಡೋದಿಲ್ಲ. ಮಳೆ ನಿಂತ ಮೇಲೆ ಬರುವವರು ನೋಡ್ತಾರೆ. 2004ರ ಸುನಾಮಿ ಆದಾಗ ತಮಿಳುನಾಡಿನ ನಾಗಪಟ್ಟಿಣದಲ್ಲಿ ದಲಿತರನ್ನು ಪರಿಹಾರ ಕೇಂದ್ರಗಳಿಂದ ದೂರ ಇಟ್ಟದ್ದು ದಾಖಲೆಯಲ್ಲಿದೆ. ನಮ್ಮ ಕಡೆ ಅಷ್ಟು ಒರಟಾಗಿ ಮಾಡಬೇಕಾಗಿಲ್ಲ, ಒಂದು ಪಹಣಿ ಸಾಕು. ತೋಟ ಹೋದರೆ ಬೆಳೆ ಪರಿಹಾರಕ್ಕೆ ಪಹಣಿ ಕೇಳ್ತಾರೆ. ತೋಟದ ಯಜಮಾನರ ಸಂಕಟವನ್ನು ನಾವು ಹಗುರ ಮಾಡೋದಿಲ್ಲ, ಕಾಲ ಕೆಳಗಿನ ನೆಲವೇ ಹೋಗೋದು ಸಣ್ಣ ಮಾತಲ್ಲ. ಆದರೆ ಆ ತೋಟದಲ್ಲಿ ಕೊನೆ ಕೊಯ್ದು, ಅಡಿಕೆ ಸುಲಿದು, ಮಣ್ಣು ಹೊತ್ತು ಬದುಕಿದವರ ಮುಂದಿನ ಹತ್ತು ವರ್ಷದ ಕೂಲಿಯೂ ಅದೇ ಮಣ್ಣಿನಡಿ ಹೋಯಿತಲ್ಲ? ಅದು ಪಹಣಿಯ ಯಾವ ಕಾಲಮ್ಮಿನಲ್ಲೂ ಇಲ್ಲ.

ಎದೆಗಾರಿಕೆ ಎಲ್ಲಿಂದ ಬರುತ್ತೆ ಅನ್ನೋದಕ್ಕೆ ಈ ಹೊಳೆಯೇ ಸಾಕ್ಷಿ. ಎಪ್ಪತ್ತರ ದಶಕದಲ್ಲಿ ಬೇಡ್ತಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ಮಾಡ್ತೀವಿ ಅಂತ ಸರ್ಕಾರ ಹೊರಟಿತು. ಅಡಿಕೆ ಬೆಳೆಗಾರರು ಎದ್ದರು. ಅವರಿಗೆ 1923ರಲ್ಲೇ ಹುಟ್ಟಿದ ತೋಟಗಾರ್ಸ್ ಸೊಸೈಟಿ ಇತ್ತು, ಓದಿದ ಮಕ್ಕಳಿದ್ದರು. 1981ರಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳನ್ನು ಕೂರಿಸಿ ಲಾಭ ನಷ್ಟದ ಲೆಕ್ಕ ಹಾಕಿಸಿದರು. ಯೋಜನೆ ನಿಂತಿತು. ನಾವು ಹೊಟ್ಟೆಕಿಚ್ಚಿನಿಂದ ಹೇಳ್ತಿಲ್ಲ, ಕಲಿಯೋಣ ಅಂತ ಹೇಳ್ತಿದೀವಿ. ಅವರು ಒಬ್ಬೊಬ್ಬರೇ ಮನೆಯಲ್ಲಿ ಕೂತು ಮನಸ್ಸು ಗಟ್ಟಿ ಮಾಡಿಕೊಂಡಿದ್ದರೆ ಇವತ್ತು ಮಾಗೋಡಿನಲ್ಲಿ ಜಲಪಾತ ಇರುತ್ತಿರಲಿಲ್ಲ. ಅವರ ಧೈರ್ಯ ಸೊಸೈಟಿಯ ಕಪಾಟಿನಲ್ಲಿತ್ತು, ಕಡತದಲ್ಲಿತ್ತು.

ನಮ್ಮ ಕಡತ ಎಲ್ಲಿದೆ? ಈ ಜಿಲ್ಲೆಯಲ್ಲಿ ಎಲ್ಲಿ ಕಾಲಿಟ್ಟರೂ ಅರಣ್ಯ ಇಲಾಖೆಯ ಜಾಗ. 2006ರ ಅರಣ್ಯ ಹಕ್ಕು ಕಾಯಿದೆ ಪರಿಶಿಷ್ಟ ಪಂಗಡದವರಿಗೆ, ಅಂದರೆ 2003ರಿಂದ ನಮ್ಮ ಸಿದ್ದಿ ಬಂಧುಗಳಿಗೂ, 2005ರ ಡಿಸೆಂಬರ್ 13ಕ್ಕೆ ಮುಂಚೆ ಅಲ್ಲಿದ್ದು ಅನುಭೋಗದಲ್ಲಿದ್ದರೆ ಸಾಕು ಅನ್ನುತ್ತದೆ. ಉಳಿದವರು ಅದರ ಜೊತೆಗೆ ಮೂರು ತಲೆಮಾರು, 75 ವರ್ಷ, ಅಲ್ಲಿದ್ದುದನ್ನು ತೋರಿಸಬೇಕು. ಆ ಉಳಿದವರಲ್ಲಿ ನಮ್ಮ ಹೊಲೆಮಾದಿಗರ ಕೇರಿಗಳೂ ಸೇರಿದವು. ಅಜ್ಜನಿಗೆ ಅಕ್ಷರ ಮುಟ್ಟಿಸಲಿಲ್ಲ, ಮೊಮ್ಮಗನ ಹತ್ತಿರ ಅಜ್ಜನ ಕಾಲದ ಕಾಗದ ಕೇಳ್ತಾರೆ!

ಅರ್ಜಿ ಕೊಟ್ಟವರಿಗೆ ದಾಖಲೆ ಇಲ್ಲ ಅಂತ ಹಿಂಬರಹ ಬರುತ್ತದೆ, ಜನ ಸುಮ್ಮನಾಗ್ತಾರೆ. ಸುಮ್ಮನಾಗಬೇಕಾಗಿಲ್ಲ. ಆ ಕಾಯಿದೆಯ ನಿಯಮ 13 ಓದಿ. ಸರ್ಕಾರಿ ಕಾಗದವೇ ಆಗಬೇಕು ಅಂತ ಅಲ್ಲಿಲ್ಲ. ಹಳೇ ಬಾವಿ, ಮನೆಯ ತಳಪಾಯ, ಸುಡುಗಾಡು, ದೇವರ ಕಲ್ಲು ಕೂಡ ಸಾಕ್ಷಿಯೇ. ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷಿ. ಇಂಥ ಒಂದಕ್ಕಿಂತ ಹೆಚ್ಚು ಸಾಕ್ಷಿ ಇರಬೇಕು, ಅಷ್ಟೇ. ಅರ್ಜಿ ಮೊದಲು ಹೋಗಬೇಕಾದ್ದು ಗ್ರಾಮಸಭೆಗೆ, ಫಾರೆಸ್ಟರ ಮನೆ ಬಾಗಿಲಿಗಲ್ಲ.

ಪಟ್ಟೆ ಸಿಕ್ಕಿದ ಮಾತ್ರಕ್ಕೆ ಗುಡ್ಡ ನಿಲ್ಲೋದಿಲ್ಲ, ಗೊತ್ತು. ಆದರೆ ಗುಡ್ಡ ಬಿದ್ದ ಮರುದಿನ ನೀನು ಯಾರು, ಇಲ್ಲಿ ಯಾಕಿದ್ದೆ ಅಂತ ಯಾರೂ ಕೇಳೋ ಹಾಗಿರೋದಿಲ್ಲ. ಮನಸ್ಸು ಗಟ್ಟಿಯಾಗೋದು ಅಲ್ಲಿಂದ ಶುರು ಅಂತ ನಮ್ಮ ತಿಳುವಳಿಕೆ. ಪರೀಕ್ಷೆ ಮುಗಿದು ರಜೆಗೆ ಊರಿಗೆ ಹೋದಾಗ ಎರಡು ರೂಲುಪಟ್ಟಿ ಪುಸ್ತಕ ತಗೊಂಡು ಹೋಗಿ. ಕೇರಿಯ ಅತಿ ಹಿರಿಯರನ್ನು ಕೂರಿಸಿಕೊಂಡು ಕೇಳಿ: ಮೊದಲ ಗುಡಿಸಲು ಯಾವ ಮರದ ಹತ್ತಿರ ಇತ್ತು, ಬಾವಿ ತೋಡಿದವರು ಯಾರು, ಯಾವ ವರ್ಷದ ಮಳೆಗೆ ಯಾವ ದರೆ ಜಾರಿತು, ಆಗ ಜನ ಎಲ್ಲಿಗೆ ಓಡಿದರು. ಅವರಾಡಿದ ಮಾತಿನಲ್ಲೇ ಬರೆಯಿರಿ, ನಿಮ್ಮ ಬಿ.ಎ. ಕನ್ನಡ ಬೇಡ. ಕೆಳಗೆ ಹೆಬ್ಬೆಟ್ಟು, ತಾರೀಖು. ಒಂದು ಎಚ್ಚರ ಮಾತ್ರ ಇರಲಿ: ಅರ್ಜಿ ಹಾಕಿದವರ ಸ್ವಂತ ಹೇಳಿಕೆ ನಡೆಯೋದಿಲ್ಲ, ಬೇರೆ ಹಿರಿಯರದ್ದೇ ಬೇಕು. ನಿಮ್ಮ ಅಜ್ಜಿಯ ಮಾತು ಪಕ್ಕದ ಮನೆಯ ಅರ್ಜಿಗೆ, ಪಕ್ಕದ ಮನೆಯ ಅಜ್ಜನ ಮಾತು ನಿಮ್ಮ ಅರ್ಜಿಗೆ.