ಸಂವಿಧಾನ ಊರು ತಲುಪುವ ದಾರಿ

ಹೊಸ ಸಂವಿಧಾನ ಬಂದ ಮಾತ್ರಕ್ಕೆ ಹಳೆಯ ಯಜಮಾನಿಕೆ ಹೋಗುವುದಿಲ್ಲ. ಸಂವಿಧಾನವನ್ನು ಜಾರಿಗೆ ತರಲೆಂದೇ ಒಂದು ಸಂಸ್ಥೆ ಬೇಕೇ? ಬೇಕೆಂದಿತು ಕೀನ್ಯಾ. 2010ರ ಆಗಸ್ಟ್ 27ರಂದು ಸಂವಿಧಾನ ಘೋಷಿಸಿದ ಆ ದೇಶ, ಯಾವ ಕಾನೂನು ಎಷ್ಟು ಕಾಲದೊಳಗೆ ಆಗಬೇಕೆಂದು ಅನುಸೂಚಿಯಲ್ಲೇ ಬರೆದಿಟ್ಟು, ಉಸ್ತುವಾರಿಗೆ ಒಂದು ಆಯೋಗವನ್ನೂ ನೇಮಿಸಿತು.

ನಮ್ಮಲ್ಲಿ ಅಂಥದ್ದಿರಲಿಲ್ಲ. ಅದರ ಬೆಲೆ ತೆತ್ತವರಲ್ಲಿ ಉಡುತಡಿ ಸೀಮೆಯ, ಶಿಕಾರಿಪುರ-ಸೊರಬದ ಗೇಣಿದಾರರೂ ಸೇರಿದ್ದಾರೆ. ಸಂಪತ್ತು ಕೆಲವರ ಕೈಯಲ್ಲೇ ಕೂಡಿಕೊಳ್ಳಬಾರದೆಂದು ನಮ್ಮ ಸಂವಿಧಾನದ 39ನೇ ವಿಧಿ 1950ರಲ್ಲೇ ಹೇಳಿತ್ತು. ಆದರೆ ಅದು ನಿರ್ದೇಶಕ ತತ್ವ. ಕೋರ್ಟಿಗೆ ಹೋಗಿ ಕೇಳುವಂತಿರಲಿಲ್ಲ. ಮರುವರ್ಷವೇ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ, ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರಕ್ಕಾಗಿ ರೈತರು ಜೈಲು ಸೇರಬೇಕಾಯಿತು. ಬೆಂಬಲಕ್ಕೆ ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರನ್ನೂ ಬಂಧಿಸಿದರು.

ಮುಖ್ಯಮಂತ್ರಿ ದೇವರಾಜ ಅರಸರ ಕಾಲದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಯಾಯಿತು. ಅದರಡಿ ಬಂದ ಭೂನ್ಯಾಯಮಂಡಳಿಗಳೇ ನಮ್ಮ ನಿಜವಾದ ಜಾರಿ ಆಯೋಗಗಳು ಎಂಬುದು ನನ್ನ ನಂಬಿಕೆ. ಗೇಣಿದಾರ ಏಳನೇ ನಮೂನೆಯಲ್ಲಿ ಡಿಕ್ಲರೇಷನ್ ಕೊಡಬೇಕಿತ್ತು. ಅಸಿಸ್ಟೆಂಟ್ ಕಮಿಷನರ್ ಮತ್ತು ಸರ್ಕಾರ ನೇಮಿಸಿದ ಸದಸ್ಯರು ವಿಚಾರಣೆ ಮಾಡಿ ತೀರ್ಮಾನಿಸಬೇಕಿತ್ತು. ವಕೀಲರು ಬರುವಂತಿಲ್ಲ ಎಂಬ ನಿಯಮವೂ ಕಾಯ್ದೆಯಲ್ಲಿತ್ತು; ಮುಂದೆ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು. ಓದು ಬಾರದವನೂ ತನ್ನ ಗದ್ದೆಯ ಚೆಕ್ಕುಬಂದಿಯನ್ನು ತಾನೇ ಹೇಳಿ, ಅಕ್ಕಪಕ್ಕದ ಹೊಲದವರನ್ನು ಸಾಕ್ಷಿಗೆ ಕರೆಯಬಹುದಿತ್ತು. ಸಂವಿಧಾನ ಅವನಿಗೆ ಮುಖಾಮುಖಿಯಾದದ್ದು ಅಲ್ಲಿ.

ಕೊರತೆಗಳೂ ಇದ್ದವು. ಗೇಣಿ ಬಾಯಿಮಾತಿನದಾಗಿ ಪಹಣಿಯಲ್ಲಿ ಹೆಸರಿಲ್ಲದವರು ರುಜುವಾತಿಗೆ ಪರದಾಡಿದರು. ಗೇಣಿಯೂ ಇಲ್ಲದ ಕೂಲಿಯವರಿಗೆ ಈ ಕಾಯ್ದೆಯಿಂದ ದಕ್ಕಿದ್ದು ತೀರ ಕಡಿಮೆ. ಆದರೂ ಇಪ್ಪತ್ತನಾಲ್ಕು ವರ್ಷ ಪುಸ್ತಕದಲ್ಲೇ ಉಳಿದಿದ್ದ 39ನೇ ವಿಧಿಯ ಮಾತು ನೆಲಕ್ಕಿಳಿದದ್ದು ಇಂಥ ಮಂಡಳಿಗಳಿಂದಲೇ. ಜಾರಿ ಮಾಡುವ ಸಂಸ್ಥೆ ರಾಜಧಾನಿಯಲ್ಲಿ ಕೂತರೆ ವರದಿ ಬರೆಯುತ್ತದೆ. ತಾಲ್ಲೂಕಿನಲ್ಲಿ ಕೂತರೆ ಆದೇಶ ಬರೆಯಬೇಕಾಗುತ್ತದೆ.

ಇಂದು ಬಗರ್‌ಹುಕುಂ ಅರ್ಜಿಗಳು ಶಾಸಕರ ಅಧ್ಯಕ್ಷತೆಯ ಸಮಿತಿಗಳ ಮುಂದಿವೆ, ಅರಣ್ಯಹಕ್ಕಿನ ಅರ್ಜಿಗಳು ಗ್ರಾಮಸಭೆಯಿಂದ ಮೇಲಕ್ಕೆ ಹೋಗಬೇಕು. ಪ್ರತಿ ಅರ್ಜಿಗೂ ಗಡುವು ಇರಲಿ, ತಿರಸ್ಕರಿಸಿದರೆ ಕಾರಣವನ್ನು ಕನ್ನಡದಲ್ಲಿ ಬರೆದು ಅರ್ಜಿದಾರನ ಕೈಗೆ ಕೊಡಲಿ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಠರಾವಾಗಿಯೇ ಮಂಡಿಸಿ.