ಮಧ್ಯದ ಮೆಟ್ಟಿಲು ಬೇಡವೆನ್ನುವವರಿಗೆ

2024ರ ನವೆಂಬರ್ 5ರಂದು ಅಮೆರಿಕದ ಕೊಲರಾಡೊ ರಾಜ್ಯದ ಜನ ಅಧ್ಯಕ್ಷರನ್ನು ಆರಿಸುವ ಮತಪತ್ರದಲ್ಲೇ ಇನ್ನೊಂದು ಪ್ರಶ್ನೆಗೂ ಉತ್ತರ ಕೊಟ್ಟರು: ಪಶುವೈದ್ಯರಿಗೂ ಅವರ ಕೈಕೆಳಗಿನ ತಂತ್ರಜ್ಞರಿಗೂ ನಡುವೆ ಹೊಸದೊಂದು ವೃತ್ತಿ ಬೇಕೆ? ಪ್ರೊಪೊಸಿಷನ್ 129 ಎಂಬ ಆ ಪ್ರಸ್ತಾವಕ್ಕೆ ನೂರಕ್ಕೆ ಸುಮಾರು 53 ಮಂದಿ ಹೌದೆಂದರು. ಪ್ರಾಣಿ ಚಿಕಿತ್ಸೆಯಲ್ಲಿ ಸ್ನಾತಕೋತ್ತರ ಪದವಿ ಪಡೆದು, ರಾಜ್ಯದ ಪಶುವೈದ್ಯಕೀಯ ಮಂಡಳಿಯಲ್ಲಿ ಹೆಸರು ನೋಂದಾಯಿಸಿದವರು ಪರವಾನಗಿ ಇರುವ ಪಶುವೈದ್ಯರ ಮೇಲ್ವಿಚಾರಣೆಯಲ್ಲಿ ಪ್ರಾಣಿಗಳನ್ನು ಪರೀಕ್ಷಿಸಬಹುದು, ಚಿಕಿತ್ಸೆ ಕೊಡಬಹುದು, ವೈದ್ಯರು ವಹಿಸಿದರೆ ಶಸ್ತ್ರಕ್ರಿಯೆಯನ್ನೂ ಮಾಡಬಹುದು. ಇವರಿಗೆ ಇಟ್ಟ ಹೆಸರು ವೆಟರ್ನರಿ ಪ್ರೊಫೆಷನಲ್ ಅಸೋಸಿಯೇಟ್. 2026ರ ಜನವರಿ 1 ಕಾನೂನು ಜಾರಿಗೆ ಗೊತ್ತಾದ ದಿನ.

ಮತ ಎಣಿಕೆ ಮುಗಿದರೂ ವಾದ ಮುಗಿದಿಲ್ಲ. ಅಮೆರಿಕನ್ ವೆಟರ್ನರಿ ಮೆಡಿಕಲ್ ಅಸೋಸಿಯೇಷನ್ ಮತ್ತು ಕೊಲರಾಡೊದ್ದೇ ಆದ ಪಶುವೈದ್ಯರ ಸಂಘ ಇದನ್ನು ಮೊದಲಿನಿಂದಲೂ ಬಲವಾಗಿ ವಿರೋಧಿಸಿದವು. ನಮ್ಮ ಕಡೆಯ ಪಶುವೈದ್ಯರಲ್ಲೂ ಹಲವರಿಗೆ ಈ ವಿರೋಧ ಸರಿಯೆನಿಸುತ್ತದೆ. ಆಕ್ಷೇಪಗಳಲ್ಲಿ ಕೆಲವು ಗಟ್ಟಿ, ಕೆಲವು ಜೊಳ್ಳು. ಎರಡಕ್ಕೂ ಉತ್ತರ ಕೊಡಬೇಕಾದದ್ದು ನ್ಯಾಯ.

ಅತಿ ಗಟ್ಟಿಯಾದದ್ದು ತರಬೇತಿಯ ಆಕ್ಷೇಪ. ಅಮೆರಿಕದಲ್ಲಿ ಪಶುವೈದ್ಯರಾಗಲು ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿ, ಆಮೇಲೆ ನಾಲ್ಕು ವರ್ಷದ ಪಶುವೈದ್ಯಕೀಯ ಶಿಕ್ಷಣ, ಅದರ ಮೇಲೊಂದು ರಾಷ್ಟ್ರಮಟ್ಟದ ಪರೀಕ್ಷೆ. ಕೊಲರಾಡೊ ಸ್ಟೇಟ್ ಯೂನಿವರ್ಸಿಟಿ ಹೊಸ ವೃತ್ತಿಗಾಗಿ ರೂಪಿಸಿದ್ದು ಐದು ಸೆಮಿಸ್ಟರಿನ ಕೋರ್ಸು. ಅದರಲ್ಲಿ ಮೂರು ಸೆಮಿಸ್ಟರ್ ಆನ್‌ಲೈನ್ ಪಾಠ, ಕೈಕೆಲಸ ಕಲಿಯಲು ಒಂದು, ಆಸ್ಪತ್ರೆಯಲ್ಲಿ ಅಭ್ಯಾಸಕ್ಕೆ ಒಂದು. ಇಷ್ಟರಲ್ಲಿ ನಾಯಿ, ಬೆಕ್ಕು, ಕುದುರೆ, ದನ ಎಲ್ಲವನ್ನೂ ಕಲಿಯುವುದಾದರೂ ಹೇಗೆ ಎಂದು ಕೇಳುತ್ತಾರೆ. ಮನುಷ್ಯರ ಆಸ್ಪತ್ರೆಯಲ್ಲಿ ವೈದ್ಯರ ಅಧೀನದಲ್ಲಿ ಚಿಕಿತ್ಸೆ ಕೊಡುವ ಫಿಜಿಷಿಯನ್ ಅಸಿಸ್ಟೆಂಟ್ ಒಬ್ಬರು ಸರಾಸರಿ 27 ತಿಂಗಳು ಕಲಿಯುತ್ತಾರೆ, ಅದರಲ್ಲಿ ದೊಡ್ಡ ಪಾಲು ರೋಗಿಗಳ ಹಾಸಿಗೆಯ ಪಕ್ಕದಲ್ಲೇ ಕಳೆಯುತ್ತದೆ, ಅದೂ ಒಂದೇ ಒಂದು ಜೀವಜಾತಿಗಾಗಿ ಎಂದು ಅವರು ನೆನಪಿಸಿದಾಗ ತಲೆದೂಗಲೇಬೇಕಾಗುತ್ತದೆ. ಒಂದು ಸೆಮಿಸ್ಟರಿನ ಅಭ್ಯಾಸ ಸಾಲದು ಎಂಬುದೇ ನನ್ನ ಅಭಿಪ್ರಾಯವೂ.

ಆದರೆ ಇದರಿಂದ ಅವರು ತೆಗೆಯುವ ತೀರ್ಮಾನ ಬೇರೆ. ತರಬೇತಿ ಸಾಲದಿದ್ದರೆ ತರಬೇತಿ ಹೆಚ್ಚಿಸಿ ಎನ್ನಬೇಕು, ವೃತ್ತಿಯೇ ಬೇಡ ಎನ್ನಬಾರದು. ಹೊಸಬರು ಮೊದಲ ವರ್ಷ ವೈದ್ಯರ ಕಣ್ಣೆದುರಿಗೇ ಕೆಲಸ ಮಾಡಲಿ, ಯಾವ ಕೆಲಸದಲ್ಲಿ ಕೈ ಪಳಗಿತೋ ಅದನ್ನಷ್ಟೇ ಸ್ವಂತವಾಗಿ ಮಾಡಲು ಬಿಡಲಿ, ಯಾವ ಜಾತಿಯ ಪ್ರಾಣಿಯ ಮೇಲೆ ಅಭ್ಯಾಸವಾಗಿದೆಯೋ ಅದಕ್ಕಷ್ಟೇ ಅನುಮತಿ ಇರಲಿ. ಇಂಥ ನಿಯಮ ಬರೆಯುವುದೇ ಮಂಡಳಿಯ ಕೆಲಸ. ಅಲ್ಲದೆ ಆಕ್ಷೇಪಿಸುವವರು ಸದಾ ಅಸೋಸಿಯೇಟರನ್ನು ಪೂರ್ಣ ವೈದ್ಯರ ಪಕ್ಕದಲ್ಲಿ ನಿಲ್ಲಿಸಿ ಅಳೆಯುತ್ತಾರೆ. ದುಡ್ಡು ಹೊಂದಿಸಲಾಗದೆ, ಹತ್ತಿರದಲ್ಲಿ ದವಾಖಾನೆ ಇಲ್ಲದೆ ಮನೆಯಲ್ಲೇ ನರಳುವ ನಾಯಿಗೆ ಆ ಅಳತೆಯಿಂದ ಏನೂ ಸಿಗುವುದಿಲ್ಲ. ಡೆನ್ವರ್‌ನಲ್ಲಿ 1910ರಿಂದ ಪ್ರಾಣಿಗಳ ಆಶ್ರಯ ನಡೆಸುತ್ತಿರುವ ಆಗ ಡಂಬ್ ಫ್ರೆಂಡ್ಸ್ ಲೀಗ್ ಎಂಬ ಹೆಸರಿದ್ದ ಸಂಸ್ಥೆ ಈ ಪ್ರಸ್ತಾವದ ಮುಂಚೂಣಿಯಲ್ಲಿ ನಿಂತದ್ದು ಸುಮ್ಮನೆ ಅಲ್ಲ. ಸಾಕಲಾರದೆ ಜನ ತಂದು ಬಿಡುವ ಪ್ರಾಣಿಗಳು ಕೊನೆಗೆ ಸೇರುವುದು ಅಂಥ ಬಾಗಿಲಿಗೇ. ಆ ಪ್ರಾಣಿಯ ಮುಂದಿರುವ ಆಯ್ಕೆ ವೈದ್ಯರ ಅಧೀನದಲ್ಲಿರುವ ಅಸೋಸಿಯೇಟ್ ಅಥವಾ ಯಾರೂ ಇಲ್ಲ.

ಶಸ್ತ್ರಕ್ರಿಯೆಯ ಭಯ ಇದಕ್ಕೇ ಹೊಂದಿಕೊಂಡದ್ದು. ಹೆಣ್ಣುನಾಯಿಯ ಸಂತಾನಹರಣದಲ್ಲಿ ರಕ್ತನಾಳದ ಕಟ್ಟು ಜಾರಿ ಹೊಟ್ಟೆಯೊಳಗೆ ರಕ್ತ ತುಂಬಿದರೆ ನಿಮಿಷಗಳಲ್ಲಿ ತೀರ್ಮಾನ ಮಾಡಬೇಕು, ಮಾಡಲು ಬಾರದವರ ಕೈಗೆ ಚಾಕು ಕೊಡುತ್ತೀರಾ ಎಂಬ ಪ್ರಶ್ನೆ. ಸರಿಯಾದ ಪ್ರಶ್ನೆಯೇ. ಆದರೆ ಗೆರೆ ಎಳೆಯಬಹುದು. ಬ್ರಿಟನ್ನಿನ 1966ರ ವೆಟರ್ನರಿ ಸರ್ಜನ್ಸ್ ಕಾಯ್ದೆಯ ಮೂರನೆಯ ಅನುಸೂಚಿ ನೋಂದಾಯಿತ ಪಶುವೈದ್ಯಕೀಯ ನರ್ಸುಗಳಿಗೆ ವೈದ್ಯರ ನಿರ್ದೇಶನದಲ್ಲಿ ಔಷಧೋಪಚಾರಕ್ಕೂ ಸಣ್ಣ ಶಸ್ತ್ರಕ್ರಿಯೆಗೂ ಅವಕಾಶ ಕೊಡುತ್ತದೆ; ದೇಹದ ಕುಹರದೊಳಗೆ ಮಾತ್ರ ಕೈಹಾಕುವಂತಿಲ್ಲ. ಹೊಟ್ಟೆ ತೆರೆಯುವ ಶಸ್ತ್ರಕ್ರಿಯೆ ನಡೆಯುವಾಗ ವೈದ್ಯರು ಅದೇ ಕಟ್ಟಡದಲ್ಲಿ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಇರಲೇಬೇಕು ಎಂದು ಕೊಲರಾಡೊ ಕಟ್ಟುನಿಟ್ಟು ಮಾಡಿದರೆ ನಾನಂತೂ ಸ್ವಾಗತಿಸುತ್ತೇನೆ. ಗಾಯಕ್ಕೆ ಹೊಲಿಗೆ, ಹಲ್ಲು ಶುದ್ಧಿ, ಕಿವಿಯ ಸೋಂಕು, ಚರ್ಮದ ಕಾಯಿಲೆಗೆ ಅಷ್ಟು ಬಿಗಿ ಬೇಕಿಲ್ಲ.

ಇಂಥ ವೃತ್ತಿ ಎಲ್ಲೂ ಇಲ್ಲ, ಇದು ಪ್ರಯೋಗ ಎನ್ನುವವರು ತಮ್ಮದೇ ರಾಜ್ಯದ ಚರಿತ್ರೆ ನೆನೆಯಬೇಕು. 1965ರಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ರೋಗಿಗಳನ್ನು ತಾವೇ ಪರೀಕ್ಷಿಸಿ ಚಿಕಿತ್ಸೆ ಕೊಡುವ ನರ್ಸುಗಳ, ಅಂದರೆ ನರ್ಸ್ ಪ್ರಾಕ್ಟಿಷನರುಗಳ, ತರಬೇತಿಯನ್ನು ಮೊದಲು ಆರಂಭಿಸಿದ್ದು ಇದೇ ಕೊಲರಾಡೊದ ವಿಶ್ವವಿದ್ಯಾಲಯದಲ್ಲಿ. ಹಳ್ಳಿಗಾಡಿನ ಬಡ ಮಕ್ಕಳನ್ನು ನೋಡಲು ವೈದ್ಯರಿರಲಿಲ್ಲ, ಆ ಕೊರತೆಯಿಂದಲೇ ಯೋಜನೆ ಹುಟ್ಟಿತು. ಅದೇ ವರ್ಷ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಯುಜೀನ್ ಸ್ಟೆಡ್ ನೌಕಾಪಡೆಯಲ್ಲಿ ವೈದ್ಯಕೀಯ ಸಹಾಯಕರಾಗಿದ್ದ ನಾಲ್ವರನ್ನು ಸೇರಿಸಿಕೊಂಡು ಫಿಜಿಷಿಯನ್ ಅಸಿಸ್ಟೆಂಟ್ ಕೋರ್ಸು ತೆರೆದರು. ಅರ್ಧಂಬರ್ಧ ಕಲಿತವರ ಕೈಗೆ ಜೀವ ಕೊಡುತ್ತೀರಿ ಎಂಬ ಮಾತು ಆಗಲೂ ಕೇಳಿಬಂತು. ಫೋರ್ಡ್ ಅವರಿಗೆ ವಿರೋಧ ಬಂದದ್ದು ವೈದ್ಯರಿಂದಷ್ಟೇ ಅಲ್ಲ, ನರ್ಸಿಂಗ್ ಬೋಧಕರಿಂದಲೂ. 2025ರ ಜನವರಿಯಲ್ಲಿ, 104ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಅಮೆರಿಕದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ನರ್ಸ್ ಪ್ರಾಕ್ಟಿಷನರುಗಳಿದ್ದರು.

ಇನ್ನು ನಮ್ಮಲ್ಲಿಗೆ ಬರೋಣ, ಏಕೆಂದರೆ ಈ ವಾದಕ್ಕೆ ಕೊಲರಾಡೊಗಿಂತ ಹೆಚ್ಚು ಕಾಲದ ಸಾಕ್ಷ್ಯ ಇರುವುದು ಕರ್ನಾಟಕದ ಹಳ್ಳಿಗಳಲ್ಲಿ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ 30ನೆಯ ಕಲಮು ನೋಂದಾಯಿತ ಪಶುವೈದ್ಯರಲ್ಲದವರು ವೈದ್ಯವೃತ್ತಿ ನಡೆಸಬಾರದೆಂದು ಹೇಳುತ್ತಲೇ ಒಂದು ಬಾಗಿಲು ತೆರೆದಿಟ್ಟಿದೆ: ಡಿಪ್ಲೊಮಾ ಅಥವಾ ಸರ್ಟಿಫಿಕೇಟ್ ಪಡೆದವರು ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಸೇವೆ ಕೊಡಲು ರಾಜ್ಯ ಸರ್ಕಾರ ಅನುಮತಿಸಬಹುದು. ಲಸಿಕೆ, ಹೋರಿಗಳ ಬೀಜ ಒಡೆಯುವುದು, ಗಾಯಕ್ಕೆ ಪಟ್ಟಿ, ಪ್ರಥಮ ಚಿಕಿತ್ಸೆ ಇವೆಲ್ಲ ಅದರಲ್ಲಿ ಸೇರುತ್ತವೆ. ನಮ್ಮ ಪಶುವೈದ್ಯಕೀಯ ಪರೀಕ್ಷಕರು ಕೆಲಸ ಮಾಡುವುದು ಈ ಚೌಕಟ್ಟಿನಲ್ಲೇ. ಕಾಲುಬಾಯಿ ರೋಗದ ಲಸಿಕೆಗೆ ಮನೆಮನೆ, ಕೊಟ್ಟಿಗೆ ಕೊಟ್ಟಿಗೆ ಸುತ್ತುವವರಲ್ಲಿ ಅವರಿದ್ದಾರೆ. ಕೆಚ್ಚಲು ಬಾವಾದ ಹಸುವನ್ನು ಮೊದಲು ಮುಟ್ಟಿ ನೋಡುವವರೂ ಎಷ್ಟೋ ಊರಲ್ಲಿ ಅವರೇ. ರೈತರು ಅವರನ್ನೂ ಡಾಕ್ಟ್ರೇ ಎಂದೇ ಕರೆಯುತ್ತಾರೆ.

ಈ ಅನುಭವ ಎರಡೂ ಕಡೆಯವರಿಗೆ ಪಾಠ ಹೇಳುತ್ತದೆ. ಗೊತ್ತುಮಾಡಿದ ಕೆಲಸವನ್ನು ಡಿಪ್ಲೊಮಾದವರು ಚೆನ್ನಾಗಿಯೇ ಮಾಡುತ್ತಾರೆ. ಅವರಿಲ್ಲದಿದ್ದರೆ ನಮ್ಮ ಲಸಿಕೆ ಅಭಿಯಾನಗಳು ಒಂದು ತಾಲ್ಲೂಕೂ ದಾಟುತ್ತಿರಲಿಲ್ಲ. ಕೆಡುವುದು ಬೇರೆಡೆ. ಮೇಲೆ ವೈದ್ಯರ ಹುದ್ದೆ ಖಾಲಿ ಬಿದ್ದಾಗ, ಅಥವಾ ಒಬ್ಬರೇ ವೈದ್ಯರಿಗೆ ಎರಡು ಮೂರು ಆಸ್ಪತ್ರೆಯ ಪ್ರಭಾರ ಬಿದ್ದಾಗ, ಮೇಲ್ವಿಚಾರಣೆ ಎಂಬುದು ರಿಜಿಸ್ಟರಿನ ಸಹಿಗೆ ಇಳಿಯುತ್ತದೆ. ಆಗ ಕರು ಅಡ್ಡಬಿದ್ದ ಹಸುವಿಗೆ, ಮಾಸು ಬೀಳದ ಎಮ್ಮೆಗೆ ಒಬ್ಬಂಟಿಯಾಗಿ ಕೈಹಾಕಬೇಕಾದವರೂ ಆ ಪರೀಕ್ಷಕರೇ. ಮಿತಿ ಮೀರಿದರೆಂದು ದೂರು ಬರುವುದೂ ಅವರ ಮೇಲೆಯೇ. ಮಧ್ಯದ ಮೆಟ್ಟಿಲಿನಿಂದ ಯಾರೂ ಬೀಳುತ್ತಿಲ್ಲ, ಮೇಲಿನ ಮೆಟ್ಟಿಲು ಕಾಣೆಯಾದಾಗ ಬೀಳುತ್ತಾರೆ. ಆದ್ದರಿಂದ ಕೊಲರಾಡೊದ ವಿರೋಧಿಗಳು ಹೋರಾಡಬೇಕಾದದ್ದು ಒಬ್ಬ ವೈದ್ಯರ ಕೆಳಗೆ ಎಷ್ಟು ಅಸೋಸಿಯೇಟರು, ಎಷ್ಟು ದೂರದಲ್ಲಿ, ಎಷ್ಟು ಹೊತ್ತಿನೊಳಗೆ ಸಿಗುವಂತೆ ಎಂಬುದರ ಬಗ್ಗೆ.

ಔಷಧದ ಕಾನೂನಿನ ಆಕ್ಷೇಪ ಬೇಗ ಮುಗಿಯುತ್ತದೆ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಚೀಟಿ ಬೇಕಾಗುವ ಪ್ರಾಣಿ ಔಷಧಿಯನ್ನು ಪರವಾನಗಿ ಇರುವ ಪಶುವೈದ್ಯರೇ ಕೊಡಬೇಕು, ಇಲ್ಲವೆ ಅವರ ಆದೇಶದ ಮೇಲೆ ಕೊಡಬೇಕು. ರಾಜ್ಯದ ಮತ ಅದನ್ನು ಬದಲಿಸಲಾರದು. ನಿಜ. ಅದೇ ಕಾನೂನು ವೈದ್ಯರು ಬಾಯಿಮಾತಿನಲ್ಲಿ ಆದೇಶ ಕೊಡುವುದನ್ನೂ ಒಪ್ಪುತ್ತದೆ. ಅಸೋಸಿಯೇಟ್ ಪರೀಕ್ಷಿಸಿ ಹೇಳುತ್ತಾರೆ, ವೈದ್ಯರು ಕೇಳಿ ಔಷಧಿ ಬರೆಯುತ್ತಾರೆ. ಮೇಲ್ವಿಚಾರಣೆ ನಿಜವಾಗಿ ನಡೆಯಲು ಇದೊಂದು ಒಳ್ಳೆಯ ಕಡಿವಾಣವೇ ಆಯಿತು.

ತಂತ್ರಜ್ಞರ ಪರವಾಗಿ ಆಡುವ ಮಾತಿಗೆ ಹೆಚ್ಚು ಗೌರವ ಸಲ್ಲಬೇಕು. ಈಗಾಗಲೇ ಇರುವ ತಂತ್ರಜ್ಞರನ್ನೇ ಸರಿಯಾಗಿ ಬಳಸಿಕೊಳ್ಳುತ್ತಿಲ್ಲ, ಅವರ ತಲೆಯ ಮೇಲೆ ಇನ್ನೊಬ್ಬರನ್ನು ಏಕೆ ಕೂರಿಸುತ್ತೀರಿ ಎನ್ನುತ್ತಾರೆ. 2024ರಲ್ಲೇ ಕೊಲರಾಡೊ ಶಾಸನಸಭೆ ತಂತ್ರಜ್ಞರಿಗೆ ವಹಿಸಬಹುದಾದ ಕೆಲಸಗಳನ್ನು ಸ್ಪಷ್ಟಪಡಿಸುವ ಒಂದು ಕಾನೂನನ್ನೂ, ದೂರದಿಂದಲೇ ಪ್ರಾಣಿಗಳಿಗೆ ಸಲಹೆ-ಚಿಕಿತ್ಸೆ ಕೊಡುವುದರ ಬಗ್ಗೆ ಇನ್ನೊಂದನ್ನೂ ಮಾಡಿತು. ಎರಡೂ ಒಳ್ಳೆಯವೇ. ಆದರೆ ತಂತ್ರಜ್ಞರು ಕೆಲಸ ಬಿಟ್ಟುಹೋಗುವುದೇಕೆ? ಸಂಬಳ ಕಡಿಮೆ, ಮೇಲೇರಲು ದಾರಿ ಇಲ್ಲ. ಹತ್ತು ವರ್ಷ ಅರಿವಳಿಕೆ ನೋಡಿಕೊಂಡವಳು ಹನ್ನೊಂದನೆಯ ವರ್ಷವೂ ಅಲ್ಲೇ. ಹೊಸ ವೃತ್ತಿ ಅವಳಿಗೆ ದಾರಿಯಾಗಬೇಕು. ಇಲ್ಲಿ ನನ್ನ ತಕರಾರು ಪ್ರಸ್ತಾವವನ್ನು ತಂದವರ ಮೇಲೆ: ಬಹಳಷ್ಟು ತಂತ್ರಜ್ಞರ ಓದು ಎರಡು ವರ್ಷದ್ದು, ಸ್ನಾತಕೋತ್ತರ ಪದವಿಗೆ ಸೇರಲು ಅವರ ಬಳಿ ಮೊದಲ ಪದವಿಯೇ ಇಲ್ಲ. ವರ್ಷಗಳ ಅನುಭವಕ್ಕೆ ಅಂಕ ಕೊಟ್ಟು ಅವರನ್ನು ಒಳಗೆ ಸೇರಿಸಿಕೊಳ್ಳುವ ವ್ಯವಸ್ಥೆ ಆಗದಿದ್ದರೆ ವಿರೋಧಿಗಳ ಈ ಮಾತು ನಿಜವಾಗಿಬಿಡುತ್ತದೆ.

ತಪ್ಪಾದರೆ ಹೊಣೆ ಮೇಲ್ವಿಚಾರಕ ವೈದ್ಯರದ್ದು, ನಮ್ಮ ಪರವಾನಗಿಗೆ ಕುತ್ತು ಎಂಬುದು ಮುಂದಿನ ಆಕ್ಷೇಪ. ಅಸೋಸಿಯೇಟರನ್ನು ಇಟ್ಟುಕೊಳ್ಳಲೇಬೇಕೆಂದು ಕಾನೂನು ಯಾರನ್ನೂ ಒತ್ತಾಯಿಸುವುದಿಲ್ಲ. ಸ್ವಂತ ಕ್ಲಿನಿಕ್ ಇರುವವರಿಗೆ ಈ ಉತ್ತರ ಸಾಕು. ಕಂಪನಿಯ ಆಸ್ಪತ್ರೆಯಲ್ಲಿ ಸಂಬಳಕ್ಕಿರುವ ವೈದ್ಯರಿಗೆ ಸಾಲದು. ಅವರ ಮೇಲೆ ಮ್ಯಾನೇಜರ್ ಒತ್ತಡ ಬರಬಹುದು. ಮೇಲ್ವಿಚಾರಣೆಯನ್ನು ನಿರಾಕರಿಸಿದ್ದಕ್ಕೆ ಯಾವ ವೈದ್ಯರನ್ನೂ ಕೆಲಸದಿಂದ ತೆಗೆಯಬಾರದು ಎಂಬ ರಕ್ಷಣೆ ಬರಹದಲ್ಲೇ ಬೇಕು.

ಕಂಪನಿಗಳ ಮಾತು ಬಂತು. ಕಡಿಮೆ ಸಂಬಳದವರನ್ನು ಇಟ್ಟುಕೊಂಡು ಕಂಪನಿಗಳು ಲಾಭ ಹೊಡೆಯುತ್ತವೆ, ಜನರ ಬಿಲ್ಲು ಇಳಿಯುವುದಿಲ್ಲ ಎನ್ನುತ್ತಾರೆ. ಕೆಲವೆಡೆ ಹಾಗೇ ಆಗಬಹುದು, ಇಳಿದೇ ಇಳಿಯುತ್ತದೆಂದು ನಾನು ಭರವಸೆ ಕೊಡುವುದಿಲ್ಲ. ಆದರೆ ಆಶ್ರಯಗಳಲ್ಲಿ, ದತ್ತಿ ಕ್ಲಿನಿಕ್ಕುಗಳಲ್ಲಿ ಲಾಭ ಹಂಚಿಕೊಳ್ಳುವವರು ಇಲ್ಲ; ಉಳಿದ ಹಣ ಇನ್ನೊಂದು ಪ್ರಾಣಿಯ ಚಿಕಿತ್ಸೆಗೆ ಹೋಗುತ್ತದೆ. ಹೆಚ್ಚು ಪಶುವೈದ್ಯಕೀಯ ಕಾಲೇಜು ತೆರೆದರೆ ಸಾಕು ಎಂಬ ಬದಲಿ ಸಲಹೆಯೂ ಅವರದ್ದೇ. ಎಂಟು ವರ್ಷ ಓದಿ, ತಲೆಯ ಮೇಲೆ ದೊಡ್ಡ ಸಾಲ ಹೊತ್ತು ಹೊರಬರುವ ಯುವ ವೈದ್ಯರು ಕೊಲರಾಡೊದ ಪೂರ್ವ ಬಯಲಿನ ಸಣ್ಣ ಊರಿಗೆ ಏಕೆ ಹೋಗುತ್ತಾರೆ? ಸಾಲ ತೀರಿಸಲು ನಗರವೇ ಗತಿ.

ಕೊನೆಯ ಆಕ್ಷೇಪ ನನಗೆ ಅತಿ ಬೇಸರ ತರಿಸಿದ್ದು. ಇದು ಪರಿಣತರು ತೀರ್ಮಾನಿಸಬೇಕಾದ ವಿಷಯ, ನಾಯಿಮರಿಯ ಚಿತ್ರ ತೋರಿಸಿದರೆ ಜನ ಕರಗಿ ಮತ ಹಾಕಿಬಿಡುತ್ತಾರೆ ಎಂಬ ಮಾತು. ಪ್ರತಿ ಪ್ರಸ್ತಾವದ ಪರ-ವಿರೋಧ ಎರಡೂ ವಾದ ಅಚ್ಚಾಗಿರುವ ಸರ್ಕಾರಿ ಕೈಪಿಡಿ ಕೊಲರಾಡೊದ ಮತದಾರರ ಮನೆಗೇ ಬರುತ್ತದೆ. ಅದೇ ದಿನ ಅವರ ಮುಂದೆ ಪ್ರಾಣಿಗಳ ವಿಷಯಗಳು ಇನ್ನೂ ಇದ್ದವು. ಪರ್ವತ ಸಿಂಹ, ಬಾಬ್‌ಕ್ಯಾಟ್, ಲಿಂಕ್ಸ್ ಬೇಟೆಯನ್ನು ನಿಷೇಧಿಸುವ ಪ್ರೊಪೊಸಿಷನ್ 127 ಬಿದ್ದುಹೋಯಿತು. ಡೆನ್ವರ್ ನಗರದಲ್ಲಿ ಕಸಾಯಿಖಾನೆಗಳನ್ನು ಮುಚ್ಚಿಸುವ 309ನೆಯ ಪ್ರಸ್ತಾವವೂ, ತುಪ್ಪಳದ ಮಾರಾಟ ನಿಲ್ಲಿಸುವ 308ನೆಯದೂ ಸೋತವು. ಆ ತೀರ್ಪುಗಳು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಪ್ರಾಣಿಯೆಂದೊಡನೆ ಕಣ್ಣುಮುಚ್ಚಿ ಹೌದೆನ್ನುವ ಜನ ಇವರಾಗಿದ್ದರೆ ನಾಲ್ಕೂ ಗೆಲ್ಲಬೇಕಿತ್ತು. ಗೆದ್ದದ್ದು 129 ಒಂದೇ.