ಚಿತ್ರ ನಮ್ಮದು, ಚೀಟಿ ಯಾರದು?

ಸ್ವಾಭಿಮಾನಿ ಕನ್ನಡಿಗರೇ,

ಅಂಗಡಿ ಬೋರ್ಡುಗಳ ಮುಂದೆ ನಿಂತು ಗಂಟಲು ಹರಿದುಕೊಂಡಿದ್ದೇವೆ. ಪೊಲೀಸ್ ವ್ಯಾನು ಹತ್ತಿದ್ದೇವೆ. ನಾಮಫಲಕದಲ್ಲಿ ಶೇ. 60 ಭಾಗ ಕನ್ನಡವಿರಬೇಕೆಂಬ ತಿದ್ದುಪಡಿಗೆ 2024ರಲ್ಲಿ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ ಆಯಿತು. ಆದರೆ ಒಂದು ಮಾತು ಕೇಳುತ್ತೇವೆ, ಬೇಸರ ಮಾಡಿಕೊಳ್ಳಬೇಡಿ. ಬಾಗಿಲ ಮೇಲಿನ ಬೋರ್ಡು ನೋಡಿದ ನಾವು, ಬಾಗಿಲು ದಾಟಿ ಒಳಗೆ ಹೋಗಿ ನೋಡಿದ್ದೇವೆಯೇ? ಚಿತ್ರಶಾಲೆಯ ಗೋಡೆಯ ಮೇಲೆ, ಒಂದೊಂದು ಚಿತ್ರದ ಪಕ್ಕದಲ್ಲಿ, ಅಂಗೈ ಅಗಲದ ಒಂದು ಚೀಟಿ ಅಂಟಿಸಿರುತ್ತಾರಲ್ಲ, ಅದನ್ನು ಓದಿದ್ದೇವೆಯೇ?

ಅದೂ ಒಂದು ಬೋರ್ಡೇ. ಅದರ ಕಥೆ ಕೇಳಿ.

ಊರಿನಿಂದ ಬಂದಿದ್ದ ಅಕ್ಕನ ಮಗನನ್ನು ಕರೆದುಕೊಂಡು ಒಂದು ಗ್ಯಾಲರಿಗೆ ಹೋಗಿದ್ದೆ. ಹುಡುಗ ಎಂಟನೇ ತರಗತಿ, ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ನೋಟ್‌ಬುಕ್ಕಿನ ಕೊನೆಯ ಹಾಳೆಗಳ ತುಂಬ ಎತ್ತು, ಗಾಡಿ, ತೇರು ಬರೆಯುವ ಹುಡುಗ. ದೊಡ್ಡದೊಂದು ಚಿತ್ರದ ಮುಂದೆ ನಿಂತವನು ಕದಲಲೇ ಇಲ್ಲ. ಆಮೇಲೆ ಪಕ್ಕದ ಚೀಟಿಗೆ ಬಗ್ಗಿ ಒಂದೊಂದೇ ಇಂಗ್ಲಿಷ್ ಅಕ್ಷರ ಕೂಡಿಸಿ ಓದಿ ಕೇಳಿದ: "ಮಾವ, ಅನ್‌ಟೈಟಲ್ಡ್ ಅಂದ್ರೆ ಇದನ್ನ ಬರೆದವರ ಹೆಸರಾ?"

ನಗಬೇಡಿ. ನನಗೂ ಮೊದಲು ನಗು ಬಂತು. ಆಮೇಲೆ ನಾಚಿಕೆಯಾಯಿತು. ಆ ಚಿತ್ರ ಬರೆದವರು ಆ ಹುಡುಗನ ಜಿಲ್ಲೆಯವರೇ! ಅವನ ಊರಿನಿಂದ ಎರಡು ಬಸ್ಸು ಹತ್ತಿದರೆ ಸಿಗುವ ಊರಿನವರು. ಅದನ್ನು ಅವನಿಗೆ ಹೇಳಬೇಕಾಗಿದ್ದ ಚೀಟಿಗೆ ಕನ್ನಡವೇ ಬರುತ್ತಿರಲಿಲ್ಲ. ಬಾಗಿಲ ಬಳಿ ಕೂತಿದ್ದ ಕಾವಲಿನವರನ್ನು ಕೇಳಿದೆ. "ಹನ್ನೊಂದು ವರ್ಷದಿಂದ ಕಾಯ್ತಾ ಇದೀನಿ ಸಾರ್. ಯಾರು ಬರೆದಿದ್ದು ಅಂತ ದೇವರಾಣೆಗೂ ಗೊತ್ತಿಲ್ಲ" ಎಂದರು. ಹನ್ನೊಂದು ವರ್ಷ ಒಂದು ಚಿತ್ರವನ್ನು ಕಳ್ಳರಿಂದ ಕಾಯಬಹುದು, ಅದನ್ನು ಬರೆದವರ ಹೆಸರು ಓದುವ ಹಾಗಿಲ್ಲ!

ಎಲ್ಲ ಗ್ಯಾಲರಿಗಳೂ ಹೀಗೇ ಎಂದು ನಾವು ಹೇಳುತ್ತಿಲ್ಲ. ಕನ್ನಡದಲ್ಲಿ ಬರೆದಿರುವ ಕಡೆ ಕೈ ಮುಗಿಯುತ್ತೇವೆ. ಬರೆಯದ ಕಡೆ ಏಕೆ ಬರೆದಿಲ್ಲ ಎಂದು ಕೇಳುವ ಹಕ್ಕು ನಮಗಿದೆ.

ಕಲೆಗೆ ಭಾಷೆಯಿಲ್ಲವಂತೆ!

ಕೇಳಿದರೆ ಏನು ಹೇಳುತ್ತಾರೆ ಗೊತ್ತೇ? "ಕಲೆಗೆ ಭಾಷೆಯಿಲ್ಲ, ಅದು ವಿಶ್ವದ ಸೊತ್ತು." ಬಹಳ ಚೆಂದದ ಮಾತು. ಹಾಗಾದರೆ ಸ್ವಾಮಿ, ಭಾಷೆಯಿಲ್ಲದ ಕಲೆಯ ಪಕ್ಕದಲ್ಲಿ ಇಂಗ್ಲಿಷ್ ಚೀಟಿ ಏಕೆ? ಅದನ್ನೂ ಕಿತ್ತು ಬಿಸಾಡಿ! ಚಿತ್ರಕ್ಕೆ ಭಾಷೆ ಬೇಡ ಎಂಬ ವೇದಾಂತ ಕನ್ನಡ ಕೇಳಿದಾಗ ಮಾತ್ರ ನೆನಪಾಗುತ್ತದೆಯೇ?

ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯವನ್ನು ನೋಡಿ. ಜಗತ್ತೇ 'ಮೋನಾಲಿಸಾ' ಎನ್ನುವ ಚಿತ್ರ ಅಲ್ಲಿದೆ. ಬರೆದವನು ಇಟಲಿಯ ಲಿಯೊನಾರ್ಡೊ. ಆದರೂ ಫ್ರೆಂಚರು ಅದನ್ನು ತಮ್ಮ ನುಡಿಯಲ್ಲಿ 'ಲಾ ಜೋಕೋಂಡ್' ಎಂದೇ ಕರೆಯುತ್ತಾರೆ. ಆಮ್‌ಸ್ಟರ್‌ಡ್ಯಾಮಿನ ವಸ್ತುಸಂಗ್ರಹಾಲಯದಲ್ಲಿ ರೆಂಬ್ರಾಂಟನ ಚಿತ್ರಗಳ ಪಕ್ಕದಲ್ಲಿ ಡಚ್ ಭಾಷೆಯೂ ಇದೆ, ಇಂಗ್ಲಿಷೂ ಇದೆ. ಪ್ರವಾಸಿಗಳು ಓಡಿಹೋದರೇ? ರೆಂಬ್ರಾಂಟನ ಬೆಲೆ ಬಿದ್ದುಹೋಯಿತೇ? ಇಂಗ್ಲಿಷನ್ನು ತೆಗೆಯಿರಿ ಎಂದು ನಾವು ಕೇಳುತ್ತಿಲ್ಲ. ಮನೆಯವರಿಗೆ ಎಲೆ ಹಾಕಿ, ಜೊತೆಗೆ ನೆಂಟರಿಗೂ ಬಡಿಸಿ ಎನ್ನುತ್ತಿದ್ದೇವೆ.

ಇನ್ನೊಂದು ಮಾತು. ಕನ್ನಡದಲ್ಲಿ ನಾವು ಚಿತ್ರವನ್ನು 'ಬರೆಯುತ್ತೇವೆ'. ಕಾಗದ ಬರೆಯುವುದೂ ಬರೆಯುವುದೇ, ಚಿತ್ರ ಬರೆಯುವುದೂ ಬರೆಯುವುದೇ. ಅಕ್ಷರಕ್ಕೂ ಚಿತ್ರಕ್ಕೂ ಒಂದೇ ಕ್ರಿಯಾಪದ ಇಟ್ಟುಕೊಂಡ ಜನ ನಾವು. ನಮಗೇ ಕಲೆ ಬೇರೆ, ಭಾಷೆ ಬೇರೆ ಎಂದು ಪಾಠ ಹೇಳುತ್ತಾರೆ!

ಬಾದಾಮಿಯ ಕಲ್ಮನೆಯಲ್ಲಿ

ಬಾದಾಮಿಗೆ ಹೋಗಿ. ಮೂರನೆಯ ಗುಹೆಯ ಮೇಲ್ಛಾವಣಿಯ ಅಂಚಿನಲ್ಲಿ ಚಾಲುಕ್ಯರ ಕಾಲದ ವರ್ಣಚಿತ್ರಗಳು ಅಳಿದುಳಿದಿವೆ. ಆ ಗುಹೆಯ ಶಾಸನ ಕ್ರಿ.ಶ. 578ರದು. ನಮ್ಮ ದೇಶದಲ್ಲಿ ಉಳಿದಿರುವ ದೇವಾಲಯ ವರ್ಣಚಿತ್ರಗಳಲ್ಲಿ ಇವು ಅತ್ಯಂತ ಹಳೆಯವುಗಳ ಸಾಲಿಗೆ ಸೇರುತ್ತವೆ. ಅದೇ ಗುಹೆಯಲ್ಲಿ ಚಾಲುಕ್ಯ ಮಂಗಳೇಶನ ಕನ್ನಡ ಶಾಸನವೂ ಇದೆ. ಗುಹಾಲಯವನ್ನು ಅದು 'ಕಲ್ಮನೆ' ಎಂದು ಕರೆಯುತ್ತದೆ. ಎಂಥ ಅಚ್ಚಗನ್ನಡ ಪದ! ದೇವರಿಗೆ ಹೂ ಕೊಡುವ ಮಾಲೆಗಾರರನ್ನೂ ಮರೆಯದೆ ಬರೆಸಿದೆ. ಕೊಟ್ಟದ್ದನ್ನು ಕೆಡಿಸಿದವನು ಏಳನೆಯ ನರಕದ ಹುಳುವಾಗುತ್ತಾನೆ ಎಂದು ಶಾಪವನ್ನೂ ಹಾಕಿದೆ.

ಅಂದರೆ ಸುಮಾರು ಸಾವಿರದ ನಾನ್ನೂರು ವರ್ಷಗಳ ಹಿಂದೆಯೇ ಈ ನೆಲದ ದೊರೆ ಚಿತ್ರವಿದ್ದ ಗುಹೆಯಲ್ಲಿ ಕನ್ನಡ ಕೆತ್ತಿಸಿದ. ಹೊಯ್ಸಳರ ಕಾಲದ ಶಿಲ್ಪಿಗಳು, ಬಳ್ಳಿಗಾವೆಯ ದಾಸೋಜನಂಥವರು, ಮಲ್ಲಿತಮ್ಮನಂಥವರು, ತಾವು ಕಡೆದ ಶಿಲ್ಪದ ಬುಡದಲ್ಲಿ ತಮ್ಮ ಹೆಸರನ್ನು ಕನ್ನಡದಲ್ಲಿ ಕೊರೆದರು. ಉಳಿ ಹಿಡಿದು ಕಲ್ಲಿನ ಮೇಲೆ ಕನ್ನಡ ಬರೆಯುವುದು ಅವರಿಗೆ ಕಷ್ಟವಾಗಲಿಲ್ಲ. ಕಂಪ್ಯೂಟರು, ಪ್ರಿಂಟರು ಇಟ್ಟುಕೊಂಡು ಅಂಗೈ ಅಗಲದ ಕಾಗದದ ಮೇಲೆ ಬರೆಯುವುದು ಇಂದಿನ ಸಾಹೇಬರಿಗೆ ಕಷ್ಟವಾಗಿದೆ!

ಕನ್ನಡದಲ್ಲಿ ಪದಗಳಿಲ್ಲವಂತೆ!

ಎರಡನೆಯ ನೆಪ ಇದು. "ಚಿತ್ರಕಲೆ ತಾಂತ್ರಿಕ ವಿಷಯ, ಕನ್ನಡದಲ್ಲಿ ಪದಗಳಿಲ್ಲ." ಯಾರಿಗೆ ಹೇಳುತ್ತೀರಿ ಈ ಮಾತು?

ಸಾಗರದ ಕಡೆಯ ದೀವರ ಹೆಣ್ಣುಮಕ್ಕಳನ್ನು ಕೇಳಿ. ಹಸೆ ಚಿತ್ತಾರ ಬರೆಯುವುದಕ್ಕೆ ಗೋಡೆಗೆ ಕೆಮ್ಮಣ್ಣು ಬಳಿಯುತ್ತಾರೆ. ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಕರಿಯಾಗುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ಮೈಸೂರು ಸಂಪ್ರದಾಯದ ಚಿತ್ರಗಾರರನ್ನು ಕೇಳಿ. ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಿಂದ ಮೊದಲ ಗೆರೆ, ಅಳಿಲಿನ ಕೂದಲಿನ ಕುಂಚ, ಉಬ್ಬುಗೆಲಸಕ್ಕೆ ಮಕ್ಕಿ ಸಫೇದು, ರೇವಾಚಿನ್ನಿಯ ಹಳದಿ, ಅದರ ಮೇಲೆ ಚಿನ್ನದ ರೇಕು. ಪದ ಇಲ್ಲದಿರುವುದು ಕನ್ನಡಕ್ಕಲ್ಲ, ಕನ್ನಡಿಗರ ಜೊತೆ ಕೂತು ಮಾತಾಡದ ಅಧಿಕಾರಿಗಳಿಗೆ.

ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ಬರೆದ. ಚಿತ್ರಕ್ಕೆ ಗೋಡೆ ಹದ ಮಾಡುವುದು, ಎಮ್ಮೆಯ ಚರ್ಮದಿಂದ ಅಂಟು ಕಾಯಿಸುವುದು ಎಲ್ಲ ಅದರಲ್ಲಿದೆ. ನಮ್ಮ ಕಾಲದಲ್ಲಿ ಶಿವರಾಮ ಕಾರಂತರು 1930ರಲ್ಲೇ ಭಾರತೀಯ ಚಿತ್ರಕಲೆಯ ಮೇಲೆ ಕನ್ನಡ ಪುಸ್ತಕ ತಂದರು. ಪದಗಳಿಲ್ಲ ಎಂದು ಅವರು ಕೈಕಟ್ಟಿ ಕೂರಲಿಲ್ಲ. ಅನಕೃ ಚಿತ್ರಕಾರನ ಬದುಕನ್ನೇ 'ಉದಯರಾಗ' ಎಂಬ ಕಾದಂಬರಿ ಮಾಡಿದರು. ಯಾವ ಅನಕೃ? 1960ರ ದಶಕದ ಆರಂಭದಲ್ಲಿ ಬೆಂಗಳೂರಿನ ರಾಮೋತ್ಸವದ ಕಚೇರಿಗಳಲ್ಲಿ ಕನ್ನಡ ಕಲಾವಿದರಿಗೂ ಜಾಗ ಬೇಕೆಂದು ಎದ್ದುನಿಂತ ಅದೇ ಅನಕೃ. ಮರೆಯಬೇಡಿ, ನಮ್ಮ ಚಳವಳಿ ಕಲೆಯ ಅಂಗಳದಲ್ಲೇ ಹುಟ್ಟಿದ್ದು!

ಹೆಸರು ಕಳೆದುಕೊಂಡವರು

ಒಂದು ಚೀಟಿಗೆ ಇಷ್ಟೊಂದು ಗಲಾಟೆ ಏಕೆ ಎಂದು ಕೇಳುವವರಿದ್ದಾರೆ. ಚೀಟಿ ಮಾತಾಡದಿದ್ದರೆ ಹೆಸರು ಸಾಯುತ್ತದೆ, ಅದಕ್ಕೇ ಈ ಗಲಾಟೆ.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ನೀವೂ ನೋಡಿರುತ್ತೀರಿ. ಕೈಯ ಬೆರಳುಗಳ ನಡುವಿನಿಂದ ಬೆಳಕು ಕೆಂಪಗೆ ಸೋರುತ್ತದೆ. ಅದನ್ನು ಬರೆದವರು ಯಾರು? ನೂರಕ್ಕೆ ತೊಂಬತ್ತು ಜನ ಥಟ್ಟನೆ "ರವಿವರ್ಮ" ಎನ್ನುತ್ತಾರೆ. ತಪ್ಪು! ಅದು ಎಸ್.ಎಲ್. ಹಲ್ದನ್ಕರ್ ಎಂಬ ಕಲಾವಿದರ ಜಲವರ್ಣ. ರೂಪದರ್ಶಿಯಾಗಿ ನಿಂತವಳು ಅವರ ಮಗಳು. ರವಿವರ್ಮ ತೀರಿಕೊಂಡಿದ್ದು 1906ರಲ್ಲಿ. ಈ ಚಿತ್ರ ಹುಟ್ಟಿದ್ದು 1940ರ ದಶಕದಲ್ಲಿ. ಚಿತ್ರ ಜನರ ಮನಸ್ಸಿನಲ್ಲಿ ಉಳಿಯಿತು, ಬರೆದವರ ಹೆಸರು ಉಳಿಯಲಿಲ್ಲ. ಜನರಿಗೆ ಜನರ ಭಾಷೆಯಲ್ಲಿ ಹೇಳದಿದ್ದರೆ ಆಗುವುದು ಇದೇ.

ಹಲ್ದನ್ಕರ್ ಮರಾಠಿ ನಾಡಿನವರು ಎನ್ನಬಹುದು. ಸರಿ, ನಮ್ಮವರನ್ನೇ ಹೇಳಿ ನೋಡೋಣ. 1886ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಕೆ. ವೆಂಕಟಪ್ಪ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು, ಊಟಿಯ ಮಂಜನ್ನು ಜಲವರ್ಣದಲ್ಲಿ ಹಿಡಿದರು, ವೀಣೆ ಶೇಷಣ್ಣನವರ ಬಳಿ ವೀಣೆ ಕಲಿತರು. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಮುಂಬಯಿ, ಪ್ಯಾರಿಸ್ ಸುತ್ತಿದರೂ ಯಕ್ಷಗಾನದ ಹೆಜ್ಜೆಯನ್ನು ಗೆರೆಯಲ್ಲಿ ಕುಣಿಸಿದರು. ಕಲಬುರಗಿಯ ಎಸ್.ಎಂ. ಪಂಡಿತರು ಕ್ಯಾಲೆಂಡರಿನ ಮೂಲಕ ದೇವರನ್ನು ಮನೆಮನೆಗೆ ತಂದರು. 'ಚಂದಮಾಮ'ದ ಮುಖಪುಟದಲ್ಲಿ ಮಹಾಭಾರತ ತೋರಿಸಿದವರು ಎಂ.ಟಿ.ವಿ. ಆಚಾರ್ಯ. ರುಮಾಲೆ ಚೆನ್ನಬಸವಯ್ಯನವರಂತೂ ಸ್ವಾತಂತ್ರ್ಯ ಹೋರಾಟಗಾರರು, 'ತಾಯಿನಾಡು' ಪತ್ರಿಕೆಯ ಸಂಪಾದಕರಾಗಿದ್ದವರು. ಬೆಂಗಳೂರಿನ ಹೂಬಿಟ್ಟ ಮರಗಳ ಎದುರಿಗೇ ಕೂತು ಚಿತ್ರ ಬರೆದವರು. ಕನ್ನಡ ಪತ್ರಿಕೆ ನಡೆಸಿದ ಕೈಯೇ ಆ ಬಣ್ಣಗಳನ್ನು ಹಚ್ಚಿತು. ಆ ಕೈಯ ಕೆಲಸವನ್ನು ನಮ್ಮ ಮಕ್ಕಳು ಯಾವ ಭಾಷೆಯಲ್ಲಿ ತಿಳಿಯಬೇಕು ಹೇಳಿ!

ನಿಮ್ಮ ಮಕ್ಕಳನ್ನು ಕರೆದು ಈ ಐದು ಹೆಸರು ಕೇಳಿ. ಪಿಕಾಸೊ ಗೊತ್ತು ಎಂದಾರು. ಗೊತ್ತಿರಲಿ, ಪಿಕಾಸೊನ ಮೇಲೆ ನಮಗೆ ಸಿಟ್ಟಿಲ್ಲ. ವೆಂಕಟಪ್ಪ ಏಕೆ ಗೊತ್ತಿಲ್ಲ? ಲಲಿತಕಲಾ ಅಕಾಡೆಮಿ ನಮ್ಮ ಕಲಾವಿದರ ಮೇಲೆ ಕನ್ನಡ ಪುಸ್ತಕಗಳನ್ನು ತಂದಿದೆ, ನಿಜ. ಅವು ನಿಮ್ಮೂರಿನ ಶಾಲೆಗೆ ಬಂದಿವೆಯೇ? ಹೋಗಲಿ, ನಿಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಚಿತ್ರಕಲೆಯ ಮೇಷ್ಟ್ರು ಇದ್ದಾರೆಯೇ? ಒಮ್ಮೆ ಕೇಳಿ ಬನ್ನಿ.

ನಮ್ಮ ತಟ್ಟೆಯಲ್ಲಿ ಬಿದ್ದಿರುವುದು

ಬರೀ ಸರ್ಕಾರವನ್ನು ಬೈದರೆ ಸಾಲದು. ನಮ್ಮ ತಟ್ಟೆಯಲ್ಲಿ ಏನು ಬಿದ್ದಿದೆ ಅದನ್ನೂ ನೋಡೋಣ.

ಕಬ್ಬನ್ ಪಾರ್ಕಿನ ಪಕ್ಕದ ವೆಂಕಟಪ್ಪ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನದ ಕೈಗೆ ಕೊಡಲು ಸರ್ಕಾರ ಒಪ್ಪಂದ ಮಾಡಿಕೊಂಡಿತ್ತು. 2016ರಲ್ಲಿ ಕಲಾವಿದರು ಬೀದಿಗಿಳಿದರು. ಬ್ಯಾನರ್ ಬರೆದರು, ಹಾಡಿದರು, ಗ್ಯಾಲರಿಯ ಮುಂದೆ ಕೂತರು. ಆಗ ನಮ್ಮ ಹಳದಿ-ಕೆಂಪು ಬಾವುಟಗಳು ಅಲ್ಲಿ ಎಷ್ಟಿದ್ದವು? ಸಿನಿಮಾ ನಟನಿಗೆ ಅವಮಾನವಾದರೆ ಅರ್ಧ ಗಂಟೆಯಲ್ಲಿ ರಸ್ತೆ ತಡೆಯುವ ನಾವು, ಚಿತ್ರ ಬರೆಯುವವರ ಪಕ್ಕದಲ್ಲಿ ಕೂರಲು ಎಷ್ಟು ಜನ ಹೋದೆವು? ಎದೆ ಮುಟ್ಟಿ ಹೇಳಿ.

ಇದಕ್ಕಿಂತ ನಾಚಿಕೆಗೇಡು ಇನ್ನೊಂದಿದೆ. ಪ್ರತಿ ನವೆಂಬರ್ ಒಂದರಂದು ತಾಯಿ ಭುವನೇಶ್ವರಿಯ ಚಿತ್ರವನ್ನು ಫ್ಲೆಕ್ಸಿನಲ್ಲಿ ಹಾಕಿಸುತ್ತೇವೆ. ಅದನ್ನೂ ಒಬ್ಬ ಚಿತ್ರಕಾರ ಬರೆದಿರುತ್ತಾನೆ, ಮೂಲೆಯಲ್ಲಿ ಅವನ ಸಹಿ ಇರುತ್ತದೆ. ನಾವು ಏನು ಮಾಡುತ್ತೇವೆ? ಆ ಸಹಿ ಇರುವ ಅಂಚನ್ನು ಕತ್ತರಿಸಿ, ಅದೇ ಜಾಗದಲ್ಲಿ ನಾಯಕರ ಫೋಟೊ ಅಂಟಿಸುತ್ತೇವೆ! ತಾಯಿಯ ಮುಖ ಬರೆದವನ ಹೆಸರನ್ನು ಅಳಿಸಿ ತಾಯಿಗೆ ಜೈಕಾರ! ಇಂಗ್ಲಿಷ್ ಚೀಟಿ ಅಂಟಿಸಿದವನು ಹೆಸರನ್ನು ಓದಲಾಗದಂತೆ ಮಾಡಿದ. ನಾವು ಹೆಸರನ್ನೇ ಕತ್ತರಿಸಿದೆವು. ಯಾರ ತಪ್ಪು ದೊಡ್ಡದು?

ನಮ್ಮ ಬೇಡಿಕೆ

ಒಂದು: ರಾಜ್ಯದ ಪ್ರತಿ ಸರ್ಕಾರಿ ಚಿತ್ರಶಾಲೆಯಲ್ಲಿ, ಸರ್ಕಾರದ ದುಡ್ಡು ಪಡೆಯುವ ಪ್ರತಿ ಪ್ರದರ್ಶನದಲ್ಲಿ, ಚಿತ್ರದ ಪಕ್ಕದ ಚೀಟಿಯಲ್ಲಿ ಮೊದಲು ಕನ್ನಡ ಇರಬೇಕು. ಬರೆದವರ ಹೆಸರು, ಊರು, ಇಸವಿ, ಯಾವ ಬಣ್ಣದಲ್ಲಿ ಬರೆದದ್ದು, ಏನಿದರ ಕಥೆ, ಇಷ್ಟು ಸಾಕು.

ಎರಡು: ಬಾದಾಮಿಯ ಗುಹೆ, ಹಂಪಿಯ ವಿರೂಪಾಕ್ಷ ಗುಡಿಯ ಮೇಲ್ಛಾವಣಿ, ಪೊಳ್ಳಿಲೂರು ಯುದ್ಧದ ಚಿತ್ರವಿರುವ ಶ್ರೀರಂಗಪಟ್ಟಣದ ದರಿಯಾ ದೌಲತ್, ಶ್ರವಣಬೆಳಗೊಳದ ಜೈನ ಮಠ, ಇಂಥ ಕಡೆಗಳಲ್ಲಿ ಐದು ರೂಪಾಯಿಗೆ ಒಂದು ಕನ್ನಡ ಕೈಹೊತ್ತಿಗೆ ಸಿಗಬೇಕು.

ಮೂರು: ಸರ್ಕಾರಿ ಶಾಲೆಗಳಲ್ಲಿ ಖಾಲಿ ಇರುವ ಚಿತ್ರಕಲಾ ಶಿಕ್ಷಕರ ಹುದ್ದೆ ತುಂಬಬೇಕು.

ನಾಲ್ಕು, ಇದು ನಮಗೇ: ಇನ್ನು ಮುಂದೆ ಯಾವ ಕನ್ನಡ ಸಂಘಟನೆಯೂ ಭಿತ್ತಿಪತ್ರದಲ್ಲಿ ಚಿತ್ರಕಾರರ ಹೆಸರಿಲ್ಲದೆ ಚಿತ್ರ ಹಾಕಕೂಡದು. ಈ ಪತ್ರಿಕೆಯೂ ಹಾಕಕೂಡದು.

ಈ ಭಾನುವಾರವೇ ಹೊರಡಿ. ಕಲ್ಲು ಬೇಡ, ಮಸಿ ಬೇಡ, ಕೈಯಲ್ಲಿ ಒಂದು ಪೆನ್ನು ಸಾಕು. ಮಕ್ಕಳನ್ನು ಕರೆದುಕೊಂಡು ಹತ್ತಿರದ ಚಿತ್ರಶಾಲೆಗೆ ಹೋಗಿ. ಚಿತ್ರಗಳನ್ನು ಕಣ್ತುಂಬ ನೋಡಿ. ಆಮೇಲೆ ಚೀಟಿ ನೋಡಿ. ಕನ್ನಡ ಇದ್ದರೆ ಸಂದರ್ಶಕರ ಪುಸ್ತಕದಲ್ಲಿ ನಾಲ್ಕು ಒಳ್ಳೆಯ ಮಾತು ಬರೆಯಿರಿ. ಇಲ್ಲದಿದ್ದರೆ ಅದೇ ಪುಸ್ತಕದಲ್ಲಿ, ಅಚ್ಚಗನ್ನಡದಲ್ಲಿ, ಹೆಸರು ವಿಳಾಸ ಸಮೇತ ಕೇಳಿ: "ಈ ಚಿತ್ರ ಬರೆದವರು ಯಾರು? ನಮ್ಮ ಭಾಷೆಯಲ್ಲಿ ಹೇಳಿ." ನೂರು ಜನ ಬರೆದರೆ ಪುಸ್ತಕ ತುಂಬುತ್ತದೆ. ಸಾವಿರ ಜನ ಬರೆದರೆ ಚೀಟಿ ಬದಲಾಗುತ್ತದೆ.

ಮುಂದಿನ ಸಲ ನನ್ನ ಅಕ್ಕನ ಮಗ ಬಂದಾಗ ಆ ಚಿತ್ರದ ಮುಂದೆ ನಿಂತು, ಯಾರನ್ನೂ ಕೇಳದೆ, ಬರೆದವರ ಹೆಸರನ್ನು ತಾನೇ ಓದಬೇಕು. ಬಾಗಿಲ ಬಳಿ ಕೂತ ಕಾವಲಿನವರೂ ಓದಬೇಕು. ಅಲ್ಲಿಯವರೆಗೆ ಈ ಗಲಾಟೆ ನಿಲ್ಲುವುದಿಲ್ಲ.

ಸಿರಿಗನ್ನಡಂ ಗೆಲ್ಗೆ!